ಅಂಚೆಯಲ್ಲಿ ಬಂದ ಕಸರತ್ತು, ಫೋನಿನಲ್ಲಿ ಬಂದ ಕೋಚ್

ಎಐ ಬಂದು ಜಿಮ್ ಟ್ರೇನರ್‌ಗಳ ಹೊಟ್ಟೆಯ ಮೇಲೆ ಹೊಡೆಯುತ್ತದಂತೆ ಎಂಬ ಮಾತು ಈಗ ಓಡಾಡುತ್ತಿದೆ. ಭಯ ಹೊಸದಿರಬಹುದು, ಗುರು ಎದುರಿಗಿಲ್ಲದೆ ಮೈ ಕಟ್ಟುವ ಉಮೇದು ಮಾತ್ರ ಹಳೆಯದು. ಬೆಂಗಳೂರಿನ ಕೆ.ವಿ. ಅಯ್ಯರ್ ಕಳೆದ ಶತಮಾನದ ಮೊದಲರ್ಧದಲ್ಲೇ ಅಂಚೆ ಮೂಲಕ ವ್ಯಾಯಾಮದ ಪಾಠ ಹೇಳಿದವರು. ನಮ್ಮಲ್ಲಿ ಬಹುತೇಕರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕ. ಅಂಗಸಾಧಕರಿಗೆ ಅವರು 1930ರಲ್ಲಿ ‘ಮಸಲ್ ಕಲ್ಟ್’ ಬರೆದ, ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸಿದ ಅಯ್ಯರ್. (ಕಾದಂಬರಿಕಾರನ ಬೈಸೆಪ್ಸ್ ಬಗ್ಗೆ ನಾಡು ಹೆಮ್ಮೆಪಟ್ಟ ಕಾಲವೂ ಒಂದಿತ್ತು!) ಪಾಠ ಅಂಚೆಯಲ್ಲಿ ಹೋಗುತ್ತಿತ್ತು ಎಂದು ಅವರು ವ್ಯಾಯಾಮಶಾಲೆಗೆ ಬೀಗ ಹಾಕಲಿಲ್ಲ. ಕಾಗದದಲ್ಲಿ ಕಳಿಸಬಹುದಾದದ್ದನ್ನು ಕಳಿಸಿದರು, ಕಳಿಸಲಾಗದ್ದನ್ನು ಎದುರಿಗೆ ನಿಂತು ಕಲಿಸಿದರು.

ಈಗ ಅಂಚೆಯ ಕೆಲಸವನ್ನು ಫೋನ್ ವಹಿಸಿಕೊಂಡಿದೆ. 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೆಲ್ತಿಫೈಮಿ, ‘ರಿಯಾ’ ಎಂಬ ಎಐ ಸಲಹೆಗಾರ್ತಿಯನ್ನು ತಂದು ವರ್ಷಗಳೇ ಆದವು. ವೂಪ್ ಕಂಪನಿ 2023ರಲ್ಲಿ ತನ್ನ ಕೈಪಟ್ಟಿಯ ಜೊತೆಗೆ ಓಪನ್‌ಎಐ ತಂತ್ರಜ್ಞಾನದ ಕೋಚ್ ಕೊಟ್ಟಿತು. ಫಿಟ್‌ಬಿಟ್‌ಗೆ ಗೂಗಲ್ ಜೆಮಿನಿ ಬಂದಿದೆ. ಇವೆಲ್ಲ ಬೂಟಾಟಿಕೆ ಎಂದು ನಾನು ಹೇಳುವುದಿಲ್ಲ. ಜಿಮ್‌ಗೆ ಹೋದರೆ ಯಾರೇನಂದಾರು ಎಂದು ಹಿಂಜರಿಯುವ ಹೆಣ್ಣುಮಗಳು ಮನೆಯ ಕೋಣೆಯಲ್ಲೇ ಹತ್ತು ನಿಮಿಷ ಮೈ ಬಗ್ಗಿಸುತ್ತಾಳೆ ಎಂದರೆ ಅದು ಈ ಆ್ಯಪ್‌ಗಳ ಪುಣ್ಯವೇ. ರಾತ್ರಿ ಹನ್ನೊಂದಕ್ಕೆ ಪ್ರಶ್ನೆ ಕೇಳಿದರೂ ಅವು ಮುಖ ಸಿಂಡರಿಸುವುದಿಲ್ಲ, ಪರ್ಸನಲ್ ಟ್ರೇನಿಂಗ್ ಪ್ಯಾಕೇಜ್ ತಗೊಳ್ಳಿ ಎಂದು ಬೆನ್ನು ಬೀಳುವುದೂ ಕಡಿಮೆ.

ತೊಡಕು ಎಲ್ಲಿದೆ ಎಂದರೆ, ಯಂತ್ರಕ್ಕೆ ಸಿಗುವುದು ನಮ್ಮ ಮೈಯಿಂದ ಹೊರಟ ಸಂಖ್ಯೆ, ಇಲ್ಲವೇ ನಾವೇ ಹೇಳಿದ ಮಾತು. ಅರವತ್ತು ವರ್ಷದ ನಿವೃತ್ತ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ಮಗ ಅಮೆರಿಕದಿಂದ ತಂದುಕೊಟ್ಟ ವಾಚ್ ಕಟ್ಟಿಕೊಂಡು ಟ್ರೆಡ್‌ಮಿಲ್ ಹತ್ತಿದ್ದಾರೆ. ಎದೆಬಡಿತದ ಗರಿಷ್ಠ ಮಿತಿಗೆ ಹೆಚ್ಚು ಬಳಕೆಯಲ್ಲಿರುವ ಸೂತ್ರ 220ರಿಂದ ವಯಸ್ಸನ್ನು ಕಳೆಯುವುದು. 1970ರ ದಶಕದ ಆರಂಭದಲ್ಲಿ ಚಾಲ್ತಿಗೆ ಬಂದ ಒರಟು ಲೆಕ್ಕ ಅದು. ಒಂದೇ ವಯಸ್ಸಿನವರಲ್ಲೂ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು. ಆ ಸೂತ್ರದಂತೆ ಮೇಷ್ಟ್ರ ಮಿತಿ 160, ಶೇ 70ರ ಗುರಿ ಎಂದರೆ 112. ಆದರೆ ಅವರು ಬಿ.ಪಿ.ಗೆ ನುಂಗುವ ಮಾತ್ರೆ ಬೀಟಾ ಬ್ಲಾಕರ್. ಅದು ಎದೆಬಡಿತವನ್ನು ಏರಗೊಡುವುದಿಲ್ಲ. ಮೇಷ್ಟ್ರು ಏದುಸಿರು ಬಿಡುತ್ತಿದ್ದಾರೆ, ವಾಚ್ 95 ತೋರಿಸುತ್ತಿದೆ, ಇನ್ನೂ ಜೋರಾಗಿ ನಡೆಯಿರಿ ಎಂದು ಹುರಿದುಂಬಿಸುತ್ತಿದೆ. ಪಕ್ಕದಲ್ಲಿ ಬಲ್ಲ ಟ್ರೇನರ್ ಇದ್ದರೆ ವಾಚ್ ಕಡೆ ನೋಡುವುದೇ ಇಲ್ಲ, ಮಾತಿಗೆಳೆಯುತ್ತಾನೆ. ‘ಸರ್, ಮೊಮ್ಮಗ ಯಾವ ಕ್ಲಾಸು?’ ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ಸರಿ, ಎರಡೇ ಪದಕ್ಕೆ ಉಸಿರು ಕಟ್ಟಿದರೆ ಮೆಷಿನ್ ವೇಗ ಇಳಿಸುತ್ತಾನೆ. ಇದಕ್ಕೆ ಟಾಕ್ ಟೆಸ್ಟ್ ಎನ್ನುತ್ತಾರೆ. ಬೀಟಾ ಬ್ಲಾಕರ್ ನುಂಗುವವರಿಗೆ ವಾಚ್‌ನ ಲೆಕ್ಕಕ್ಕಿಂತ ಇದೇ ವಾಸಿ.

ಮಾತ್ರೆಯ ಸಂಗತಿ ಆ್ಯಪ್‌ಗೆ ಹೇಳಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಿಜ, ಹೇಳಿದ್ದರೆ ಅರೆಬರೆ ಕಲಿತ ಟ್ರೇನರ್‌ಗಿಂತ ಅಚ್ಚುಕಟ್ಟಾಗಿ ಅದು ವಿವರಿಸುತ್ತಿತ್ತು. ಆದರೆ ಹೇಳಬೇಕಾದ ಸಂಗತಿ ಇದು ಎಂದು ಮೇಷ್ಟ್ರಿಗೆ ಗೊತ್ತಿರಬೇಕಲ್ಲ.

ಸ್ಕ್ವಾಟ್ ಮಾಡುವಾಗಲೂ ಹೀಗೇ. ಗೂಗಲ್‌ನ ಮೀಡಿಯಾಪೈಪ್‌ನಂಥ ತಂತ್ರಾಂಶ ಫೋನಿನ ಕ್ಯಾಮೆರಾದಿಂದಲೇ ದೇಹದ 33 ಬಿಂದು ಗುರುತಿಸಿ, ಮಂಡಿ ಎಷ್ಟು ಬಗ್ಗಿತು ಎಂದು ಲೆಕ್ಕ ಹಾಕಬಲ್ಲದು. ಸೊಗಸಾದ ಕೆಲಸವೇ. ಆದರೆ ನಮ್ಮ ಬಡಾವಣೆಯ ಜಿಮ್‌ನಲ್ಲಿ ಒಬ್ಬ ಹುಡುಗ ಬಾರ್‌ಬೆಲ್ ಹೊತ್ತು ನಿಂತಾಗ ಟ್ರೇನರ್ ನೋಡಿದ್ದು ಮಂಡಿಯನ್ನಲ್ಲ, ಕಣ್ಣನ್ನು. ‘ನೈಟ್ ಶಿಫ್ಟ್ ಮುಗಿಸ್ಕೊಂಡು ಸೀದಾ ಬಂದ್ಯಾ?’ ಎಂದವನೇ ಎರಡೂ ಕಡೆ ಪ್ಲೇಟ್ ಕಳಚಿದ. ಹುಡುಗ ಗೊಣಗಿದ. ಟ್ರೇನರ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಕಿವಿಗೆ ಹಾಕಿಕೊಳ್ಳದ ಗುಣ ಚಾಟ್‌ಬಾಟ್‌ಗೆ ಇನ್ನೂ ಬಂದಿಲ್ಲ. ಇವತ್ತು ಬೇಡ ಎಂದು ಅದೂ ಹೇಳೀತು; ನೀವು ಎರಡು ಸಲ ಒತ್ತಾಯಿಸಿದರೆ ‘ಹಾಗಾದರೆ ಹಗುರವಾಗಿ ಪ್ರಯತ್ನಿಸಿ’ ಎಂದು ದಾರಿ ಬಿಡುತ್ತದೆ. ಕುಸ್ತಿಯ ಅಖಾಡದಲ್ಲಿ ಹಾಗಲ್ಲ. ಮೈಸೂರಿನ ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವ ಕಾರ್ಯ ನಡೆಯುತ್ತದೆ. ಯಾರ ಎದುರು ಯಾರು ಎಂದು ಪೈಲ್ವಾನರ ಮೈಕಟ್ಟು, ಅನುಭವ ನೋಡಿ ಹಿರಿಯರು ನಿಶ್ಚಯಿಸುತ್ತಾರೆ. ಇವನಿಗೆ ಇವನು ಜೋಡಿಯಲ್ಲ ಎಂದು ಉಸ್ತಾದರು ಅಂದರೆ ಮುಗಿಯಿತು, ಹುಡುಗನ ಉಮೇದು ಲೆಕ್ಕಕ್ಕಿಲ್ಲ.

ಹಾಗಂತ ನಮ್ಮ ಟ್ರೇನರ್‌ಗಳೆಲ್ಲ ಉಸ್ತಾದರೇ? ಎದುರಿನವನು ಹನ್ನೆರಡು ಸಲ ಡಂಬೆಲ್ ಎತ್ತುವಷ್ಟರಲ್ಲಿ ಆರು ರೀಲ್ಸ್ ನೋಡುವ, ‘ಇನ್ನೊಂದು, ಇನ್ನೊಂದು’ ಎಂಬ ಎರಡೇ ಪದದಲ್ಲಿ ಸಂಬಳ ಎಣಿಸುವ, ಸಕ್ಕರೆ ಕಾಯಿಲೆಯವರಿಗೂ ಕಾಲೇಜು ಹುಡುಗರಿಗೂ ಒಂದೇ ಡಯಟ್ ಚಾರ್ಟ್ ಫಾರ್ವರ್ಡ್ ಮಾಡಿ ಜೊತೆಗೊಂದು ಪ್ರೋಟೀನ್ ಡಬ್ಬ ಮಾರುವವರ ಕೆಲಸ ಎಐಗೆ ಹೋದರೆ ನನಗೆ ಸಂಕಟವಿಲ್ಲ. ನನ್ನ ಚಿಂತೆ ಜಿಮ್ ಮಾಲೀಕರದ್ದು. ಎಣಿಸುವವನಿಗೂ ನೋಡುವವನಿಗೂ ಅವರ ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಗೋಡೆಗೊಂದು ಪರದೆ ನೇತುಹಾಕಿ ಇಬ್ಬರನ್ನೂ ಮನೆಗೆ ಕಳಿಸುವುದು ಅವರಿಗೆ ಸುಲಭ.

ಆಪತ್ತು ಬಂದಾಗ ಪಕ್ಕದಲ್ಲಿ ಯಾರಿರುತ್ತಾರೆ? 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡರು, ಬರೀ 46ರ ವಯಸ್ಸು. ಆಮೇಲೆ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದದ್ದು ನೆನಪಿರಬೇಕು. ಕಸರತ್ತೇ ಕಾರಣ ಎಂದು ತೀರ್ಪು ಕೊಡುವುದು ಸಲ್ಲದು. ಆದರೆ ಜಿಮ್‌ಗಳಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಇರಬೇಕಲ್ಲವೇ ಎಂಬ ಮಾತು ಆಗ ಎದ್ದಿತ್ತು, ಸದ್ದು ಅಡಗಲು ಹೆಚ್ಚು ದಿನ ಬೇಕಾಗಲಿಲ್ಲ. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು; ಇದೇ ಸಿಪಿಆರ್. ಲಯ ತಪ್ಪದಂತೆ ಫೋನ್ ಎಣಿಸಿಕೊಟ್ಟೀತು. ಒತ್ತಲು ಕೈ ಬೇಕು.

ಎಐ ಕೋಚ್ ಬಂದಿದೆ ಎಂದು ನಿಮ್ಮ ಜಿಮ್ ಫಲಕ ಹಾಕಿದರೆ ಸ್ವಾಗತಿಸಿ. ಜೊತೆಗೆ ಬೆಳಿಗ್ಗೆ ಆರರ ಬ್ಯಾಚಿನಲ್ಲಿ ಸಿಪಿಆರ್ ಬಲ್ಲವರು ಯಾರು, ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಎಲ್ಲಿಟ್ಟಿದ್ದೀರಿ ಎಂದು ರಿಸೆಪ್ಷನ್‌ನಲ್ಲಿ ಕೇಳಿ. ಉತ್ತರ ಸಿಗುವವರೆಗೆ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ.