ಅಳಿಸಿದ್ದೇಕೆಂದು ಹೇಳಬೇಕು

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನಾದರೂ ತಿದ್ದಬಹುದು ಎಂಬುದೇ ಅದರ ಬಂಡವಾಳ. ಅಲ್ಲಿಗೆ ಹೋದ ಹೊಸಬರ ದೂರುಗಳು ಹಲವು: ಕನ್ನಡ ಟೈಪಿಸುವ ಕಷ್ಟ, ಅರ್ಥವಾಗದ ಆವರಣ ಚಿಹ್ನೆಗಳು, ಎಲ್ಲಿದೆಯೆಂದೇ ಗೊತ್ತಾಗದ ಚರ್ಚೆ ಪುಟ. ಇವೆಲ್ಲ ಅಭ್ಯಾಸದಿಂದ ಹೋಗುವಂಥವು. ಬರೆದದ್ದನ್ನು ಕಾರಣ ಹೇಳದೆ ತೆಗೆದುಹಾಕುತ್ತಾರೆ ಎಂಬ ದೂರು ಮಾತ್ರ ಹಾಗಲ್ಲ. ಶಿಕ್ಷಕರಾಗಲು ಹೊರಟ ನಾವು ಕಿವಿಗೊಡಬೇಕಾದದ್ದು ಇದಕ್ಕೆ.

ಅಂಕೋಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕರಿ ಈಶಾಡು ಮಾವಿನ ಬಗ್ಗೆ ಎರಡು ಸಾಲು ಸೇರಿಸಿದಳು ಎಂದಿಟ್ಟುಕೊಳ್ಳಿ: ಸಿಪ್ಪೆ ತೆಳು, ತಿರುಳು ಹೆಚ್ಚು. ಮನೆಯ ಹಿತ್ತಲಲ್ಲಿ ಕಂಡದ್ದು, ಸುಳ್ಳೇನಲ್ಲ. ಆದರೆ ಆಧಾರ ಕೊಟ್ಟಿಲ್ಲ. ಹಳಬರೊಬ್ಬರು ಒಂದೇ ಕ್ಲಿಕ್ಕಿನಲ್ಲಿ ಅದನ್ನು ರದ್ದು ಮಾಡುತ್ತಾರೆ. ಆಗ ಪುಟದ ಇತಿಹಾಸದಲ್ಲಿ ಯಾರ ಬದಲಾವಣೆ ರದ್ದಾಯಿತು ಎಂಬ ಸಾಲು ತಾನಾಗಿಯೇ ಮೂಡುತ್ತದೆ. ಏಕೆ ಎಂಬುದನ್ನು ಮಾತ್ರ ಕೈಯಾರೆ ಬರೆಯಬೇಕು, ಬರೆಯದಿದ್ದರೂ ನಡೆಯುತ್ತದೆ. ‘ಆಧಾರ ಬೇಕು’ ಎಂಬ ಎರಡು ಪದ ಅಲ್ಲಿದ್ದಿದ್ದರೆ ಅವಳಿಗೆ ಮುಂದಿನ ಕೆಲಸ ಸಿಗುತ್ತಿತ್ತು. ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ಅದರ ದಾಖಲೆಗಳನ್ನು ಹುಡುಕಿ ತರಬಹುದಿತ್ತು. ಆ ಎರಡು ಪದ ಇಲ್ಲದಿದ್ದರೆ ಅವಳು ಮತ್ತೆ ಅತ್ತ ಸುಳಿಯುವುದಿಲ್ಲ.

ಹಳಬರ ಕಡೆಯೂ ನ್ಯಾಯವಿದೆ. ಅವರು ಸಂಬಳವಿಲ್ಲದ ಸ್ವಯಂಸೇವಕರು, ಕಿಡಿಗೇಡಿಗಳು ಗೀಚಿದ್ದನ್ನೂ ಅವರೇ ಒರೆಸಬೇಕು. ಹಾಗೆಂದು ಅಭಿಪ್ರಾಯ ಬರೆಯಲು ಇನ್ನಷ್ಟು ಪೆಟ್ಟಿಗೆ ಇಟ್ಟರೆ ಸಾಲದು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2010ರಿಂದ ಓದುಗರು ಲೇಖನಕ್ಕೆ ನಕ್ಷತ್ರ ಕೊಡುವ, ಆಮೇಲೆ ಅನಿಸಿಕೆ ಬರೆಯುವ ಸೌಲಭ್ಯವನ್ನು ಪ್ರಯೋಗಿಸಿ ನೋಡಿದರು. ಬಂದ ಅನಿಸಿಕೆಗಳಲ್ಲಿ ಜೊಳ್ಳು ಹೆಚ್ಚು, ಕೇರುವ ಕೆಲಸ ನಮ್ಮ ತಲೆಗೆ ಎಂದು ಸಂಪಾದಕರು ತಕರಾರು ತೆಗೆದರು. 2014ರ ಹೊತ್ತಿಗೆ ಅದು ಹೋಯಿತು. ನನ್ನ ಮಟ್ಟಿಗೆ ಹೊಸ ಪೆಟ್ಟಿಗೆ ಬೇಡ. ಹೊಸಬರ ಬರಹವನ್ನು ರದ್ದು ಮಾಡುವಾಗ ಕಾರಣದ ಜಾಗ ಖಾಲಿ ಬಿಡದಂತೆ ನಿಯಮವಿದ್ದರೆ ಸಾಕು.

ಇದು ವಿಕಿಪೀಡಿಯದ ಕಥೆ ಮಾತ್ರವೇ? ಸೂಕ್ಷ್ಮ ಬೋಧನೆಯ 36 ನಿಮಿಷಗಳ ಚಕ್ರವನ್ನು ನೆನಪಿಸಿಕೊಳ್ಳಿ. ಪಾಠಕ್ಕೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮತ್ತೆ ಹಿಮ್ಮಾಹಿತಿಗೆ 6. ಹೇಳಿಸಿಕೊಂಡವನಿಗೆ ಯೋಚಿಸಲು ಹೇಳಿದವರಿಗಿಂತ ದುಪ್ಪಟ್ಟು ಸಮಯ! ಆದರೆ ನಿಜವಾದ ತರಗತಿಗೆ ಹೋದೊಡನೆ ಈ ಲೆಕ್ಕ ತಪ್ಪುತ್ತದೆ. ಪಾಠಯೋಜನೆಯ ಪುಸ್ತಕದಲ್ಲಿ ‘ಸುಧಾರಿಸಿಕೊಳ್ಳಿ’, ‘ಕಪ್ಪುಹಲಗೆಯ ಬಳಕೆ ಸಾಲದು’ ಎಂಬ ಷರಾ, ಕೆಳಗೊಂದು ಸಹಿ. ಯಾವುದನ್ನು, ಹೇಗೆ ಎಂದು ಕೇಳಲು ಆ ಪುಟದಲ್ಲಿ ಜಾಗವಿಲ್ಲ. ಒಂದೇ ದಿನ ನಾಲ್ಕಾರು ಪಾಠ ವೀಕ್ಷಿಸುವ ಮಾರ್ಗದರ್ಶಕರಿಗೆ ಉದ್ದ ಬರೆಯಲು ಪುರುಸೊತ್ತಿರುವುದಿಲ್ಲ, ಒಪ್ಪುತ್ತೇನೆ. ಅವರು ಉದ್ದ ಬರೆಯಬೇಕಿಲ್ಲ. ಪಾಠದ ಯಾವ ಘಟ್ಟದ ಬಗ್ಗೆ ಈ ಮಾತು ಎಂದು ಗುರುತು ಹಾಕಿದರೂ ನಮಗೆ ದಾರಿ ಸಿಗುತ್ತದೆ.

ವಿಕಿಪೀಡಿಯದಲ್ಲಿ ಪ್ರತಿ ಲೇಖನದ ಬೆನ್ನಿಗೂ ಒಂದು ಚರ್ಚೆ ಪುಟವಿದೆ, ಅಲ್ಲಿ ಹೊಸಬನೂ ಹಳಬರನ್ನು ‘ಏಕೆ?’ ಎಂದು ಕೇಳಬಹುದು. ನಮ್ಮ ಪುಸ್ತಕದಲ್ಲೂ ಷರಾದ ಕೆಳಗೆ ಪ್ರಶಿಕ್ಷಣಾರ್ಥಿಯ ಉತ್ತರಕ್ಕೆಂದು ಎರಡು ಗೆರೆ ಇರಲಿ, ಮುಂದಿನ ಪಾಠಕ್ಕೆ ಕೂರುವ ಮೊದಲು ಮಾರ್ಗದರ್ಶಕರು ಅದನ್ನು ಓದಲಿ. ಕಾರವಾರ, ಅಂಕೋಲೆಯ ಶಾಲೆಗಳಿಗೆ ಮುಂದಿನ ತಂಡ ಹೋಗುವ ಮೊದಲು ಪುಸ್ತಕ ಹೇಗೂ ಹೊಸದಾಗಿ ಅಚ್ಚಾಗುತ್ತದೆ. ಎರಡು ಗೆರೆ ಹೆಚ್ಚು ಹಾಕಿಸಲು ಖರ್ಚೇನೂ ಇಲ್ಲ.