ಯಾರ ಬುಟ್ಟಿ ತುಂಬಿದೆ ಸ್ವಾಮಿ?

ಟೀವಿಯಲ್ಲಿ ಟೈ ಕಟ್ಟಿಕೊಂಡವರೊಬ್ಬರು "ಹಬ್ಬದ ಮಾರಾಟ ದಾಖಲೆ ಮಾಡಿದೆ, ಆರ್ಥಿಕತೆ ಚೇತರಿಸಿಕೊಂಡಿದೆ" ಅಂತಿದ್ರು. ಅದೇ ಹೊತ್ತಿಗೆ ನಮ್ಮವ್ವ ಕೇರಿ ಅಂಗಡಿಯಿಂದ ಐದು ರೂಪಾಯಿ ಬಿಸ್ಕತ್ ಪೊಟ್ಟಣ ತಂದು ಬಿಚ್ಚಿದ್ಲು. "ಲೋ, ಬಿಸ್ಕತ್ ಕಮ್ಮಿ ಆಗವಲ್ಲೋ?" ಅಂದ್ಲು.

ಬೆಲೆ ಅದೇ, ತೂಕ ಇಳಿದಿದೆ. ಕಂಪನಿ ಲೆಕ್ಕದಲ್ಲಿ ಮಾರಾಟ ಇಳಿದೇ ಇಲ್ಲ. ಇಳಿದಿದ್ದು ಅವ್ವನ ತಟ್ಟೆಯಲ್ಲಿ.

ಮಾರಾಟದ ಅಂಕಿ ಕಂಡಾಗ ಮೊದಲು ಕೇಳಿ: ಏರಿದ್ದು ರೂಪಾಯಿಯೋ, ಕಿಲೋನೋ? 2025ರ ಏಪ್ರಿಲ್‌ನಲ್ಲಿ ಜಿಎಸ್‌ಟಿ 2.37 ಲಕ್ಷ ಕೋಟಿ ಬಂತು ಅಂತ ಡಂಗುರ ಸಾರಿದ್ರು. ಬೆಲೆ ಏರಿದರೂ ತೆರಿಗೆ ಏರುತ್ತೆ. ಆಮದು ಮಾಲಿನ ತೆರಿಗೆಯೂ ಅದರಲ್ಲೇ ಸೇರಿದೆ.

ಎರಡನೇ ಪ್ರಶ್ನೆ: ಕೊಂಡವರು ಯಾರು? 2018-19ರಲ್ಲಿ ದೇಶದೊಳಗೆ ಸುಮಾರು 33.8 ಲಕ್ಷ ಕಾರು ಮಾರಾಟವಾದವು, 2024-25ರಲ್ಲಿ 43 ಲಕ್ಷ. ಗಾರೆ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗೋರ ದ್ವಿಚಕ್ರ ವಾಹನ? 2.12 ಕೋಟಿಯಿಂದ 1.96 ಕೋಟಿಗೆ ಇಳಿದಿದೆ. ಅದೂ ಕಾರ್ಖಾನೆಯಿಂದ ಡೀಲರ್‌ಗೆ ಹೋದ ಲೆಕ್ಕ, ಮನೆ ಮುಂದೆ ಬಂದು ನಿಂತ ಲೆಕ್ಕ ಅಲ್ಲ. ಇದು ಯಾರ ಚೇತರಿಕೆ?

ಅಂಕಿಗಳು ನಿಜ ಹೇಳಿದಾಗ ಏನಾಯ್ತು ಗೊತ್ತಲ್ಲ? 2017-18ರ ಗೃಹಬಳಕೆ ಸಮೀಕ್ಷೆ ಬೆಲೆ ಏರಿಕೆ ಕಳೆದು ನೋಡಿತ್ತು. ಒಬ್ಬರ ತಿಂಗಳ ಖರ್ಚು 2011-12ರ 1,501 ರೂಪಾಯಿಯಿಂದ 1,446ಕ್ಕೆ ಇಳಿದಿತ್ತು. ಹಳ್ಳಿಗಳಲ್ಲಿ ಕುಸಿತ ಇನ್ನೂ ಹೆಚ್ಚು. ಗುಣಮಟ್ಟ ಸರಿಯಿಲ್ಲ ಅಂತ ಸರ್ಕಾರ ವರದಿಯನ್ನೇ ಹೂತುಹಾಕಿತು.

2022-23ರ ಸಮೀಕ್ಷೆ ಬಿಡುಗಡೆ ಆಯ್ತು. ಹಳ್ಳಿಯ ಪರಿಶಿಷ್ಟ ಜಾತಿಯವರ ತಲಾ ತಿಂಗಳ ಖರ್ಚು 3,474 ರೂಪಾಯಿ, ಪರಿಶಿಷ್ಟ ಪಂಗಡದವರದ್ದು 3,016. ಮೀಸಲಾತಿ ಪಟ್ಟಿಗಳ ಹೊರಗಿರೋ 'ಇತರರ'ದ್ದು 4,392. ಹಳ್ಳಿಯ ಬುಟ್ಟಿಗೂ ಜಾತಿ ಇದೆ. ಸರಾಸರಿ ಅನ್ನೋದು ಆ ಜಾತಿ ಮುಚ್ಚೋ ಬಟ್ಟೆ.

ನಮ್ಮವರಿಗೂ ಒಂದು ಮಾತು. ಪಿತೃಪಕ್ಷದಲ್ಲಿ ಗಾಡಿ ಮಾರಾಟ ಬಿದ್ದಾಗ "ದೇಶ ಮುಳುಗಿತು" ಅಂತ ಪೋಸ್ಟ್ ಹಾಕ್ತೀವಿ, ದೀಪಾವಳಿಗೆ ಅದು ಏರಿದಾಗ ಬಾಯಿ ಮುಚ್ಚಿಕೊಳ್ತೀವಿ. ಒಂದು ತಿಂಗಳ ಅಂಕಿ ಏನೂ ಹೇಳಲ್ಲ. ಹಬ್ಬಕ್ಕೆ ಹಬ್ಬ ಹೋಲಿಸಿ, ತೂಕಕ್ಕೆ ತೂಕ ಹೋಲಿಸಿ. ಇಲ್ಲದಿದ್ರೆ ನಾವೂ ಟೈ ಕಟ್ಟದ ಅವರೇ ಆಗ್ತೀವಿ.

ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ಬರೆದವರು. ರೂಪಾಯಿಗೆ ದೇಶದೊಳಗೆ ಎಷ್ಟು ಸಾಮಾನು ಬರುತ್ತೆ ಅನ್ನೋದೇ ಮುಖ್ಯ ಅಂತ ವಾದಿಸಿದವರು. ಅವರ ಮಕ್ಕಳು ಅಂಕಿಗೆ ಹೆದರಬಾರದು, ಅಂಕಿಗೆ ಮರುಳಾಗಲೂಬಾರದು.

ನಮ್ಮ ಬೇಡಿಕೆ ಇಷ್ಟೇ: ಮಾರಾಟವನ್ನ ತೂಕದಲ್ಲಿ ಹೇಳಿ, ಬಳಕೆಯನ್ನ ಜಾತಿವಾರು ಪ್ರತಿ ವರ್ಷ ಹೇಳಿ. ಆಮೇಲೆ ಚೇತರಿಕೆ ಮಾತಾಡೋಣ. ಅಲ್ಲೀವರೆಗೆ ನಮ್ಮವ್ವನ ಲೆಕ್ಕವೇ ಸರಿ.

ಜೈ ಭೀಮ್.