ದಂಡ ಕಟ್ಟಿದ್ರೆ ಕೇಸು ಮುಗೀತಾ?

ಕಳೆದ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಉಚ್ಚಂಗೆಮ್ಮನ ದರ್ಶನ ಮುಗಿಸಿ ದುರ್ಗದ ಮೆಟ್ಟಿಲು ಇಳೀತಿದ್ದಾಗ ಚಿಕ್ಕಪ್ಪನ ಮಗ ಕೈ ಹಿಡಿದು ಪಕ್ಕಕ್ಕೆ ಕೂರಿಸಿದ. ಕೇಂದ್ರ ಸರ್ಕಾರದ ಪಡೆಯೊಂದಕ್ಕೆ ಆಯ್ಕೆಯಾಗಿದ್ದಾನೆ, ಮನೆಯಲ್ಲಿ ಆಗಲೇ ಪೇಡಾ ಹಂಚಿಯಾಗಿದೆ. ಅವನು ಮೊಬೈಲ್‌ನಲ್ಲಿ ಅಟೆಸ್ಟೇಶನ್ ಫಾರಂ ತೆಗೆದು ತೋರಿಸಿದ.

"ಅಣ್ಣಾ, ಇಲ್ಲಿ 'ಇಲ್ಲ' ಅಂತ ಬರೆದ್ರೆ ನಡೀತದಾ?"

ಎಂದಾದರೂ ಬಂಧನ ಆಗಿದೆಯೇ, ಮೊಕದ್ದಮೆ ನಡೆದಿದೆಯೇ, ನ್ಯಾಯಾಲಯ ದಂಡ ಹಾಕಿದೆಯೇ ಅಂತ ಫಾರಂ ಸಾಲಾಗಿ ಕೇಳುತ್ತೆ. ಮೂರು ವರ್ಷದ ಹಿಂದೆ ದಾವಣಗೆರೆಯಲ್ಲಿ ಓದುವಾಗ ರೂಮಿನಲ್ಲಿ ಗೆಳೆಯರ ಜೊತೆ ಗಾಂಜಾ ಸೇದಿ ಸಿಕ್ಕಿಬಿದ್ದಿದ್ದನಂತೆ. ಮೂತ್ರ ಪರೀಕ್ಷೆ, ಕೇಸು, ಕೋರ್ಟು. "ತಪ್ಪಾಯ್ತು ಅಂತ ಒಪ್ಕಂಡು ದಂಡ ಕಟ್ಟಿ ಬಂದ್ವಿ. ಅಲ್ಲಿಗೆ ಮುಗೀತು ಅನ್ಕಂಡಿದ್ದೆ."

ನಮ್ಮಲ್ಲಿ ಬಹಳ ಜನ ಎಡವೋದು ಇಲ್ಲೇ. ಇದು ಹೆಲ್ಮೆಟ್ ದಂಡ ಅಲ್ಲ. ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕಾನೂನಿನ ಲೆಕ್ಕದಲ್ಲಿ ಅಪರಾಧ ಸಾಬೀತಾಯಿತು ಅಂತಲೇ ಅರ್ಥ.

"ಬರೀಬ್ಯಾಡ, ಯಾರಿಗೆ ಗೊತ್ತಾಗ್ತದೆ" ಅಂತ ಗೆಳೆಯರೆಲ್ಲ ಹೇಳಿದ್ದಾರಂತೆ. ನಾನು ಅಲ್ಲೇ ಇ-ಕೋರ್ಟ್ಸ್ ತೆರೆದು ಜಿಲ್ಲೆ, ಇಸವಿ, ಅವನ ಹೆಸರು ಹಾಕಿದೆ. ಎರಡು ನಿಮಿಷ ಹಿಡೀತು. ಡೇಟಾಬೇಸ್ ಜೊತೆ ಹೊಟ್ಟೆ ಹೊರೆಯೋನು ನಾನು. ಒಮ್ಮೆ ಒಳಗೆ ಹೋದ ಸಾಲು ತಾನಾಗೇ ಅಳಿಸಿಹೋಗಲ್ಲ ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೊಲೀಸರ ಹತ್ತಿರ ಸಿಸಿಟಿಎನ್‌ಎಸ್ ಬೇರೆ ಇದೆ.

2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನೇ ಬಿಡಿಸಿ ನೋಡಿತು. ಫಾರಂ ಸ್ಪಷ್ಟವಾಗಿ ಕೇಳಿದ್ದನ್ನು ಮುಚ್ಚಿಟ್ಟರೆ ಕೆಲಸ ಹೋಗಬಹುದು. ಚಿಕ್ಕ ವಯಸ್ಸಿನ ಸಣ್ಣ ತಪ್ಪಾದರೆ ಮುಚ್ಚಿಟ್ಟದ್ದನ್ನೂ ಮನ್ನಿಸಬಹುದು, ಆದರೆ ಅದು ನೇಮಕ ಮಾಡುವವರ ವಿವೇಚನೆ. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. 2022ರಲ್ಲಿ ಸಿಆರ್‌ಪಿಎಫ್ ಪ್ರಕರಣವೊಂದರಲ್ಲಿ ಸಮವಸ್ತ್ರದ ಪಡೆಗಳಿಗೆ ಅಳತೆಗೋಲು ಇನ್ನೂ ಬಿಗಿ ಅಂತ ಕೋರ್ಟ್ ಹೇಳಿತು. ಅದನ್ನೂ ಅವನಿಗೆ ಹೇಳಿದೆ. ಸುಳ್ಳು ಧೈರ್ಯ ಕೊಟ್ಟು ಏನು ಮಾಡಲಿ?

ಅಮೆರಿಕದಲ್ಲಿರೋ ನಮ್ಮವರಿಗೆ ಪ್ರಶ್ನೆ ಇನ್ನೂ ನೇರ. ಪೌರತ್ವ ಸಿಕ್ಕಮೇಲೆ ರಕ್ಷಣಾ ಕೆಲಸಕ್ಕೆ ಸೆಕ್ಯೂರಿಟಿ ಕ್ಲಿಯರೆನ್ಸ್ ಬೇಕಾದರೆ ಎಸ್‌ಎಫ್-86 ಅನ್ನೋ ಫಾರಂ ತುಂಬಬೇಕು. ಅದು ಕೇಸು ಇದೆಯಾ ಅಂತ ಕೇಳಿ ಸುಮ್ಮನಾಗಲ್ಲ, ಕಳೆದ ಏಳು ವರ್ಷದಲ್ಲಿ ಸೇದಿದ್ದೀಯಾ ಅಂತಲೇ ಕೇಳುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧ ಅಂದರೆ ಕೇಳಲ್ಲ, ಒಕ್ಕೂಟದ ಕಾನೂನೇ ಲೆಕ್ಕ. ಆದರೂ ಹಿಂದೆ ಗಾಂಜಾ ಸೇದಿದ್ದೊಂದೇ ಕಾರಣಕ್ಕೆ ಬಾಗಿಲು ಮುಚ್ಚಬೇಕಿಲ್ಲ ಅಂತ 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಗುಪ್ತಚರ ಮುಖ್ಯಸ್ಥರ ಕಚೇರಿ ಸೂಚನೆ ಕೊಟ್ಟಿತು. ಎಷ್ಟು ಹಿಂದೆ, ಎಷ್ಟು ಸಲ, ಈಗ ಬಿಟ್ಟಿದ್ದಾನಾ ಅನ್ನೋದನ್ನೆಲ್ಲ ತೂಗಿ ನೋಡ್ತಾರೆ. ಸುಳ್ಳು ಹೇಳಿದರೆ ಅದೇ ಬೇರೆ ಅಪರಾಧ.

ಇನ್ನೂ ಚಟದಲ್ಲೇ ಇರೋರು ಯಾರಾದರೂ ಇದನ್ನು ಓದ್ತಿದ್ದರೆ ಒಂದು ಮಾತು: ತಾವಾಗಿ ಚಿಕಿತ್ಸೆಗೆ ಹೋಗುವ ವ್ಯಸನಿಗೆ ಅದೇ ಕಾಯ್ದೆಯ 64-ಎ ಸೆಕ್ಷನ್ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆಯೂ ಹೋಗಬಹುದು.

ಕತ್ತಲಾಗ್ತಿತ್ತು. ವಕೀಲರೊಬ್ಬರನ್ನು ಕಂಡು ತೀರ್ಪಿನ ಪ್ರತಿ ತೆಗೆಸೋಣ, ಫಾರಂ ಜೊತೆ ಲಗತ್ತಿಸೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು 'ಹೌದು' ಅಂತ ಬರೆಯೋಕೆ ಒಪ್ಪಿದ. ಆಮೇಲೆ ಕೇಳಿದ:

"ಅವ್ವಗೆ ಯಾರು ಹೇಳಾದು ಅಣ್ಣಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಮೆಟ್ಟಿಲು ಇಳಿದೆವು.